ಸಹಿ ಹಾಕಿದವರ ಹೊಣೆ

ಶಿಕಾರಿಪುರ, ಸೊರಬಗಳ ಬಯಲಿನಲ್ಲಿ ಚಿನ್ನಿದಾಂಡು ಆಡಿ ಬೆಳೆದವರಿಗೆ ತೀರ್ಪುಗಾರರಿಲ್ಲದ ಆಟ ಹೊಸದೇನಲ್ಲ. ಚಿನ್ನಿ ಬಿದ್ದ ದೂರವನ್ನು ಹೊಡೆದವನೇ ದಾಂಡಿನಿಂದ ಅಳೆದು ಎಣಿಸುತ್ತಿದ್ದನು. ಜಗಳವೂ ಆ ಎಣಿಕೆಯಿಂದಲೇ ಹುಟ್ಟುತ್ತಿತ್ತೆನ್ನಿ. ಕೋಟಿಗಟ್ಟಲೆ ಹಣದ ವೃತ್ತಿಪರ ಗಾಲ್ಫ್ ಕೂಡ ಬಹುಮಟ್ಟಿಗೆ ಇಂತಹ ನಂಬಿಕೆಯ ಮೇಲೆಯೇ ನಿಂತಿದೆ.

ಬೆಂಗಳೂರಿನಲ್ಲಿ 1876ರಲ್ಲಿಯೇ ಗಾಲ್ಫ್ ಕ್ಲಬ್ ಆರಂಭವಾದರೂ ಈ ಆಟದ ಕ್ರಮ ನಮ್ಮ ಊರುಗಳಿಗೆ ಅಪರಿಚಿತ. ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಎಲ್ಲ ಕುಳಿಗಳಿಗೂ ಸೇರಿಸಿದವರು ವಿಜೇತರು. ನಿಯಮ ಮೀರಿದರೆ ಲೆಕ್ಕಕ್ಕೆ ದಂಡದ ಹೊಡೆತ ಸೇರುತ್ತದೆ. ನಿಯಮಾಧಿಕಾರಿಗಳು ಇರುತ್ತಾರೆ, ಆದರೆ ಪ್ರತಿಯೊಬ್ಬರ ಬೆನ್ನಿಗೂ ಅಲ್ಲ. ಯಾರೂ ಕಾಣದ ತಪ್ಪನ್ನು ಆಟಗಾರರೇ ಹೇಳಿಕೊಳ್ಳಬೇಕು.

1925ರ ಅಮೆರಿಕದ ಓಪನ್ ಪಂದ್ಯಾವಳಿಯಲ್ಲಿ ಹವ್ಯಾಸಿ ಆಟಗಾರ ಬಾಬಿ ಜೋನ್ಸ್, ಹುಲ್ಲಿನಲ್ಲಿ ತಮ್ಮ ಚೆಂಡು ತುಸು ಅಲುಗಿತೆಂದು ತಾವೇ ತಿಳಿಸಿ ಒಂದು ಹೊಡೆತದ ದಂಡ ತೆತ್ತರು. ಬೇರಾರೂ ಅದನ್ನು ಕಂಡಿರಲಿಲ್ಲ. ಪಂದ್ಯ ಸಮವಾಗಿ, ಮರುಪಂದ್ಯದಲ್ಲಿ ಅವರು ಸೋತರು. ಆ ಒಂದು ಹೊಡೆತ ಸೇರದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ.

ಇದಕ್ಕಿಂತ ಕಠೋರವಾದುದು 1968ರ ಏಪ್ರಿಲ್ 14ರ ಪ್ರಸಂಗ. ಅಮೆರಿಕದ ಮಾಸ್ಟರ್ಸ್ ಪಂದ್ಯಾವಳಿಯ ಕೊನೆಯ ದಿನ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಹದಿನೇಳನೆಯ ಕುಳಿಯನ್ನು 3 ಹೊಡೆತಗಳಲ್ಲಿ ಮುಗಿಸಿದರು. ನೆರೆದ ಪ್ರೇಕ್ಷಕರು ಕಣ್ಣಾರೆ ಕಂಡರು. ಅವರ ಲೆಕ್ಕ ಬರೆಯುತ್ತಿದ್ದ ಜೊತೆಯಾಟಗಾರ ಟಾಮಿ ಏರನ್ ಅದನ್ನು 4 ಎಂದು ಬರೆದರು. ಡಿ ವಿಸೆಂಜೊ ಗಮನಿಸದೆ ಸಹಿ ಹಾಕಿದರು. ಸಹಿಯಾದ ಮೇಲೆ ಹೆಚ್ಚಿನ ಸಂಖ್ಯೆಯೇ ಖಾಯಂ. ಬಾಬ್ ಗೋಲ್ಬಿಯವರೊಡನೆ ನಡೆಯಬೇಕಿದ್ದ ಮರುಪಂದ್ಯ ತಪ್ಪಿತು, ಗೋಲ್ಬಿ ವಿಜೇತರಾದರು. ಅಂದು ಡಿ ವಿಸೆಂಜೊ ಅವರ ನಲವತ್ತೈದನೆಯ ಹುಟ್ಟುಹಬ್ಬ.

ಬರೆದವರೊಬ್ಬರು, ದಂಡ ತೆತ್ತವರು ಇನ್ನೊಬ್ಬರು. ನಮಗಿದು ಅನ್ಯಾಯವೆನಿಸುವುದು ಸಹಜ. ಅವರಾದರೋ ಏರನ್ ಅವರನ್ನು ದೂರದೆ ತಮ್ಮನ್ನೇ ಹಳಿದುಕೊಂಡರು.