ತಲೆಯ ಮೇಲೆ ಸಾಗುವ ದೋಣಿ

ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನಲ್ಲಿ ಬಲೆ ಬಿಟ್ಟು ಬಂದ ಮೀನುಗಾರನ ಕೆಲಸ ದಡ ಮುಟ್ಟಿದೊಡನೆ ಮುಗಿಯುವುದಿಲ್ಲ. ಮೀನು ಇಳಿಸಿ, ತೆಪ್ಪವನ್ನು ನೀರಿನಿಂದ ಎಳೆದು, ಬೋರಲು ಮಾಡಿ ತಲೆಗೇರಿಸಬೇಕು. ದೂರದಿಂದ ನೋಡಿದವರಿಗೆ ದೊಡ್ಡ ಅಣಬೆಯೊಂದು ದಿಬ್ಬ ಹತ್ತಿ ನಡೆದಂತೆ ಕಾಣುತ್ತದೆ. ತೆಪ್ಪದ ಆಯುಷ್ಯದ ಗುಟ್ಟು ಇರುವುದೂ ಈ ಹೊರುವ ಕೆಲಸದಲ್ಲೇ.

ತೆಪ್ಪ, ಹರಿಗೋಲು, ತುಂಗಭದ್ರೆಯ ದಡದಲ್ಲಿ ಪುಟ್ಟಿ: ಹೆಸರು ಹಲವು, ಆಕಾರ ಒಂದೇ. ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರದ ಕಾವೇರಿ, ಹುಣಸೂರಿನ ಲಕ್ಷ್ಮಣತೀರ್ಥ, ಕೋಟೆಯ ಕಬಿನಿ, ಮೂರೂ ಬಂಡೆಗಲ್ಲುಗಳ ನಡುವೆ ಹರಿದು ಬರುವ ಹೊಳೆಗಳು. ಇಲ್ಲಿ ಉದ್ದನೆಯ ಮರದ ದೋಣಿಗಿಂತ ಬುಟ್ಟಿಯಂಥ ದೋಣಿಯೇ ವಾಸಿ. ಅದರ ತಳ ಚಪ್ಪಟೆಯಾದ್ದರಿಂದ ಅಂಗೈ ಆಳದ ನೀರೂ ಸಾಕು. ಬಂಡೆಗೆ ತಗುಲಿದರೆ ಬಿದಿರು ಬಳುಕುತ್ತದೆ, ಮುರಿಯುವುದಿಲ್ಲ.

ಪೇಯಿಸ್ ಕಂಡ ಬುಟ್ಟಿ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಯಿಸ್, ಆನೆಗೊಂದಿಯ ಬಳಿ ಜನ ಹೊಳೆ ದಾಟುತ್ತಿದ್ದ ಬಗೆಯನ್ನು ಬೆರಗಿನಿಂದ ದಾಖಲಿಸಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಮಂದಿಯನ್ನು ಹೊತ್ತು ಸದಾ ತಿರುಗುತ್ತಲೇ ಸಾಗುವ ದುಂಡು ದೋಣಿ ಅದು. ಅದೇ ಶತಮಾನದ ಪುರಂದರದಾಸರು ಮನುಷ್ಯ ದೇಹವನ್ನು ತೂತುಗಳಿರುವ ಹರಿಗೋಲಿಗೆ ಹೋಲಿಸಿದರು. ಸೋರುವ ಹರಿಗೋಲು ಕೇಳುಗರಿಗೆ ನಿತ್ಯದ ಅನುಭವವಾಗಿದ್ದರಿಂದಲೇ ಆ ಹೋಲಿಕೆ ಮನಸ್ಸಿಗೆ ನಾಟಿರಬೇಕು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿ ಕೂಡ 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ, ಸೇನೆ ನದಿ ದಾಟಲು ನೆಚ್ಚಿಕೊಂಡದ್ದು ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನೇ.

ಹೊತ್ತು ಒಯ್ಯುವ ದೋಣಿ ನಮ್ಮಲ್ಲಿ ಮಾತ್ರ ಇಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಯೂಫ್ರೆಟಿಸ್ ನದಿಯ ವ್ಯಾಪಾರಿಗಳ ವಿಷಯ ಬರೆದಿದ್ದಾನೆ. ಅವರು ದುಂಡು ದೋಣಿಯಲ್ಲಿ ಸರಕಿನ ಜೊತೆಗೆ ಕತ್ತೆಯನ್ನೂ ಏರಿಸಿಕೊಂಡು ಬ್ಯಾಬಿಲೋನಿಗೆ ಬರುತ್ತಿದ್ದರಂತೆ. ಅಲ್ಲಿ ಹಂದರವನ್ನು ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರು ಸೇರುತ್ತಿದ್ದರಂತೆ.

ಹಂದರ ಹಳೆಯದು, ಹೊದಿಕೆ ಹೊಸದು

ತೆಪ್ಪ ಕಟ್ಟುವ ವಿಧಾನ ಸರಳ. ಸೀಳಿದ ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹೆಣೆದು, ನಡುವೆ ಕಲ್ಲು ಹೇರಿ, ಸುತ್ತಲಿನ ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಅಂಚು ಕಟ್ಟುತ್ತಾರೆ. ಇದರ ಮೇಲೆ ನೆನೆಸಿದ ಎತ್ತು ಅಥವಾ ಎಮ್ಮೆಯ ಚರ್ಮವನ್ನು ಎಳೆದು ಹೊಲಿಯುವುದು ಹಿಂದಿನ ಪದ್ಧತಿ. ಚರ್ಮ ಒಣಗಿದಂತೆ ಬಿಗಿಯಾಗುತ್ತದೆ. ನೀರಿನಲ್ಲೇ ಬಿಟ್ಟರೆ ಕೊಳೆಯುತ್ತದೆ. ಆದ್ದರಿಂದ ದಿನವೂ ಹೊತ್ತು ತಂದು ಬೋರಲು ಹಾಕಿ ಒಣಗಿಸಲೇಬೇಕು. ಹಗುರವಾಗಿರುವುದು ಬರೀ ಅನುಕೂಲವಲ್ಲ, ದೋಣಿ ಉಳಿಯಲು ಅದೇ ಆಧಾರ.

ಚರ್ಮಕ್ಕೆ ಈ ಸೀಮೆಯಲ್ಲಿ ಹೆಸರಿದ್ದ ಊರು ಹುಣಸೂರು. ಅಮೃತಮಹಲ್ ದನಗಳ ಕೇಂದ್ರವಾಗಿದ್ದ ಅಲ್ಲಿ ಸೈನ್ಯಕ್ಕೆಂದು ಸರ್ಕಾರದ ಚರ್ಮ ಹದಮಾಡುವ ಕಾರ್ಖಾನೆಯೂ ಇತ್ತು. 1864ರಲ್ಲಿ ಅದು ಮುಚ್ಚಿದರೂ ಕೆಲಸ ಕಲಿತವರು ಊರಿನಲ್ಲೇ ಉಳಿದು ಕಸುಬು ಮುಂದುವರಿಸಿದರು.

ಕಾಲ ಕಳೆದಂತೆ ಚರ್ಮ ದುಬಾರಿಯಾಯಿತು. ಅದರ ಜಾಗಕ್ಕೆ ಬಂದದ್ದು ರಸಗೊಬ್ಬರದ ಪ್ಲಾಸ್ಟಿಕ್ ಚೀಲ. ಬಿಚ್ಚಿದ ಚೀಲಗಳನ್ನು ಸೇರಿಸಿ ಹೊಲಿದು, ಬಿದಿರಿಗೆ ಹೊದಿಸಿ, ಮೇಲೆ ಕಾಯಿಸಿದ ಡಾಂಬರು ಬಳಿದರೆ ತೆಪ್ಪ ಹೊಸದಾದಂತೆಯೇ. ಸೋರಿದ ಕಡೆ ಬಟ್ಟೆಯ ತುಂಡು, ಮತ್ತಷ್ಟು ಡಾಂಬರು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಬೆನ್ನ ಮೇಲೆ ಹೊರುವ ಬುಟ್ಟಿದೋಣಿಗಳೂ ಇದೇ ದಾರಿ ಹಿಡಿದವು. ಅಲ್ಲಿಯೂ ಚರ್ಮ ಹೋಗಿ ಡಾಂಬರು ಬಳಿದ ಬಟ್ಟೆ ಬಂತು.

ಹೊಳೆ ಕೆರೆಯಾದಾಗ

ಹೊದಿಕೆಗಿಂತ ಹೆಚ್ಚಾಗಿ ಬದಲಾದದ್ದು ನೀರು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಹೆಸರಿನಲ್ಲೇ ತೊರೆಯನ್ನಿಟ್ಟುಕೊಂಡಿದ್ದ ಎಡತೊರೆಯ, ಅಂದರೆ ಇಂದಿನ ಕೆ.ಆರ್. ನಗರದ, ಸೀಮೆಗೂ ಹಿನ್ನೀರು ಹರಡಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಜಲಾಶಯ ನಿರ್ಮಾಣವಾಗಿ ಕಾಕನಕೋಟೆಯ ಕಾಡು ಮುಳುಗಿತು. ಹೊಳೆಗೆಂದು ಹುಟ್ಟಿದ ತೆಪ್ಪ ಈಗ ಗಾಳಿಗೆ ಅಲೆ ಏಳುವ ವಿಶಾಲ ನೀರಿನಲ್ಲಿ ಸಾಗಬೇಕಾಯಿತು. ದುಂಡು ದೋಣಿಯ ತಳದಲ್ಲಿ ಏಣು ಇಲ್ಲದಿರುವುದರಿಂದ ಗಾಳಿ ಬೀಸಿದತ್ತ ಅದು ಸರಿಯುತ್ತದೆ. ಹುಟ್ಟು ಹಾಕುವವನ ತೋಳಿನ ಬಲವೇ ಅದಕ್ಕೆ ಚುಕ್ಕಾಣಿ. ಕಬಿನಿಯಲ್ಲಂತೂ ಮುಳುಗಿದ ಮರಗಳ ಬೊಡ್ಡೆಗಳು ಹೊದಿಕೆ ಹರಿಯಲು ಕಾದಿರುತ್ತವೆ.

ಹೀಗಾಗಿ ಫೈಬರ್ ತೆಪ್ಪಗಳಿಗೆ ಬೇಡಿಕೆ ಬಂದದ್ದು ಸಹಜ. ಮೀನುಗಾರಿಕೆ ಇಲಾಖೆಯೂ ಇವನ್ನು ಒಳನಾಡಿನ ಮೀನುಗಾರರಿಗೆ ನೆರವಿನ ದರದಲ್ಲಿ ಒದಗಿಸಿದೆ. ಇವು ಕೊಳೆಯುವುದಿಲ್ಲ, ಡಾಂಬರು ಕೇಳುವುದಿಲ್ಲ. ಆದರೆ ಒಡೆದರೆ ಹಳ್ಳಿಯ ಅಂಗಡಿಯಲ್ಲಿ ಸಿಗದ ಅಂಟು ಮತ್ತು ಗಾಜಿನ ನಾರು ಬೇಕು. ಬಿದಿರಿನ ತೆಪ್ಪಕ್ಕೂ ಕಷ್ಟವಿಲ್ಲದಿಲ್ಲ. ನಾಗರಹೊಳೆಯ ಕಾಡು ರಕ್ಷಿತ ಪ್ರದೇಶ. ಬಿದಿರೋ ದಶಕಗಳಿಗೊಮ್ಮೆ ಹೂಬಿಟ್ಟು ಮೆಳೆಗೆ ಮೆಳೆಯೇ ಒಣಗುವ ಗಿಡ.

ಹೊದಿಕೆ ಬದಲಾದಾಗಲೆಲ್ಲ ತೆಪ್ಪದ ಒಡೆಯ ಯಾರನ್ನು ನೆಚ್ಚಬೇಕೆಂಬುದೂ ಬದಲಾಗಿದೆ. ಚರ್ಮದ ಕಾಲದಲ್ಲಿ ಹದಗಾರ, ಚೀಲದ ಕಾಲದಲ್ಲಿ ತನ್ನದೇ ಕೈ, ಈಗ ದೂರದ ಕಾರ್ಖಾನೆ. ಆದರೆ ಅಲೆಗಳ ನಡುವೆ ಜೀವ ಪಣಕ್ಕಿಡುವವನಿಗೆ ಹಳೆಯದನ್ನೇ ಉಳಿಸಿಕೋ ಎನ್ನುವ ಹಕ್ಕು ದಡದಲ್ಲಿ ನಿಂತವರಿಗಿಲ್ಲ. ಅವನಿಗೆ ಗಟ್ಟಿ ದೋಣಿಯೂ ಬೇಕು, ಜೀವರಕ್ಷಕ ಜಾಕೆಟ್ಟೂ ಬೇಕು. ಹೆಣಿಗೆ ಬಲ್ಲವರು ಇರುವಾಗಲೇ ಆ ವಿದ್ಯೆಯನ್ನು ಕಲಿಯುವವರೂ, ಬರೆದಿಡುವವರೂ ಬೇಕು. ಐನೂರು ವರ್ಷ ಹೊದಿಕೆ ಬದಲಿಸುತ್ತಲೇ ಬಂದ ತೆಪ್ಪ, ಹಂದರವನ್ನೇ ಬಿಟ್ಟುಕೊಡುತ್ತಿರುವುದು ಇದೇ ಮೊದಲು.