ಕ್ರಾಫ್ಟ್ಸ್‌ಮನ್ ಮುರಳೀಕಾಂತ ಪೇಟ್ಕರ್: ಯುದ್ಧಾನಂತರದ ಒಂದು ದೀರ್ಘ ಬದುಕು

ಭಾರತೀಯ ಭೂಸೇನೆಯಲ್ಲಿ ಯಂತ್ರ, ವಾಹನ ಹಾಗೂ ಶಸ್ತ್ರಾಸ್ತ್ರಗಳ ದುರಸ್ತಿಯ ಹೊಣೆ ಹೊತ್ತ ದಳವೊಂದಿದೆ. 1943ರಲ್ಲಿ ರಚನೆಗೊಂಡ ಈ ಇ.ಎಂ.ಇ. ದಳದಲ್ಲಿ ಸಿಪಾಯಿಗೆ ಸಮನಾದ ಹುದ್ದೆಯ ಹೆಸರು 'ಕ್ರಾಫ್ಟ್ಸ್‌ಮನ್', ಅರ್ಥಾತ್ ಕುಶಲಕರ್ಮಿ. ಇದೇ ದಳದ ಯೋಧ ಮುರಳೀಕಾಂತ ಪೇಟ್ಕರ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಪ್ರಪ್ರಥಮ ಚಿನ್ನದ ಪದಕ ತಂದವರು. ಪುಣೆಯನ್ನೇ ಮನೆಯಾಗಿಸಿಕೊಂಡಿರುವ ನಮಗೆ ಅವರ ಬದುಕು ದೂರದ ಕಥೆಯಲ್ಲ. ಅದರ ಬಹುಭಾಗ ಕಳೆದುದು ಈ ನಗರದಲ್ಲಿಯೇ.

ಸೈನಿಕರ ನೆರೆಯಲ್ಲಿ

ಕೊಂಢವಾಕ್ಕೆ ಹೊಂದಿಕೊಂಡಿರುವ ವಾನವಡಿಯಲ್ಲಿ ಸೇನೆಯ ಕೃತಕ ಅಂಗ ಕೇಂದ್ರವಿದೆ. ಎರಡನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗಾಗಿ 1944ರಲ್ಲಿ ಅದು ಸ್ಥಾಪನೆಯಾಯಿತು. ನಗರದ ಇನ್ನೊಂದು ತುದಿಯ ಖಡಕಿಯಲ್ಲಿ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಲೇಡಿ ವಿಲ್ಲಿಂಗ್ಡನ್ ಅವರು ಮುಂಬಯಿಯಲ್ಲಿ ಆರಂಭಿಸಿದ ಈ ಶಾಲೆ ಮುಂದೆ ಖಡಕಿಗೆ ಬಂದಿತು. ಅಂಗವಿಕಲರಾದ ಸೈನಿಕರಿಗೆ ಕಸುಬು ಕಲಿಸುವುದೇ ಅದರ ಉದ್ದೇಶ. ಬೆನ್ನುಹುರಿಗೆ ಪೆಟ್ಟು ಬಿದ್ದ ಯೋಧರ ಪುನರ್ವಸತಿ ಕೇಂದ್ರವೂ ಖಡಕಿಯಲ್ಲಿದೆ. ಕೈಗಳ ಶಕ್ತಿ ಉಡುಗಿದರೂ ಬಾಯಲ್ಲಿ ಕುಂಚ ಹಿಡಿದು ಚಿತ್ರ ಬಿಡಿಸುವ ಕಲಾವಿದರು ಅಲ್ಲಿ ರೂಪುಗೊಂಡಿದ್ದಾರೆ. ಗಾಯ ಮಾಗಿದ ಮೇಲೆ ಸೈನಿಕನಿಗೆ ಬೇಕಾದುದು ದುಡಿಮೆ ಎಂಬ ತಿಳಿವಳಿಕೆ ಈ ಊರಿಗೆ ಹಳೆಯದು.

ಬಾಲ್ಯ ಮತ್ತು ಸೇನೆ

ಪೇಟ್ಕರ್ ಅವರು ಜನಿಸಿದ್ದು 1944ರ ನವೆಂಬರ್ 1ರಂದು, ಸಾಂಗ್ಲಿ ಜಿಲ್ಲೆಯ ಪೇಠ್ ಎಂಬಲ್ಲಿ. ಎಳೆಯ ವಯಸ್ಸಿನಲ್ಲಿಯೇ ಸೇನೆ ಸೇರಿ, ಅಲ್ಲಿ ಮುಷ್ಟಿಯುದ್ಧದ ಪಟುವಾಗಿ ಹೆಸರು ಗಳಿಸಿದರು. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಅವರ ದೇಹಕ್ಕೆ ಹಲವು ಗುಂಡುಗಳು ತಗುಲಿದವು. ಬೆನ್ನುಮೂಳೆಯ ಬಳಿ ನೆಟ್ಟ ಒಂದು ಗುಂಡನ್ನು ತೆಗೆಯಲಾಗಲಿಲ್ಲ. ಸೊಂಟದಿಂದ ಕೆಳಗೆ ಶರೀರ ಸ್ವಾಧೀನ ತಪ್ಪಿತು. ಆಗ ಅವರಿಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ.

ನೀರಿನಲ್ಲಿ ಮರುಹುಟ್ಟು

ಮುಂಬಯಿಯ ನೌಕಾಸೇನೆಯ ಆಸ್ಪತ್ರೆ 'ಅಶ್ವಿನಿ'ಯಲ್ಲಿ ಚಿಕಿತ್ಸೆಯ ಅಂಗವಾಗಿ ಈಜನ್ನು ಅಭ್ಯಾಸ ಮಾಡಿಸಲಾಯಿತು. ನೆಲದ ಮೇಲೆ ಭಾರವಾಗಿದ್ದ ದೇಹ ನೀರಿನಲ್ಲಿ ಹಗುರವಾಯಿತು. ತೋಳುಗಳಲ್ಲಿ ಉಳಿದಿದ್ದ ಮುಷ್ಟಿಯುದ್ಧದ ಬಲ ಅಲ್ಲಿ ಉಪಯೋಗಕ್ಕೆ ಬಂದಿತು. 1968ರ ಟೆಲ್ ಅವೀವ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ಟೇಬಲ್ ಟೆನಿಸ್ ಆಡಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ, ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. ಕ್ರಿಕೆಟ್ ಆಟಗಾರ ವಿಜಯ್ ಮರ್ಚೆಂಟ್ ಅವರು ಅಂಗವಿಕಲರಿಗಾಗಿ ನಡೆಸುತ್ತಿದ್ದ ಸೇವಾಕಾರ್ಯದಿಂದ ಪೇಟ್ಕರ್ ಅವರಿಗೆ ನೆರವು ದೊರೆತಿತ್ತು.

ದುಡಿಮೆಯ ವರ್ಷಗಳು

ಪದಕದ ಕಥೆ ಅರ್ಧ ನಿಮಿಷದ್ದು. ಅದರ ಮುಂದೆ ಜೀವಮಾನವಿಡೀ ಉಳಿದಿತ್ತು. ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ (ಇಂದಿನ ಟಾಟಾ ಮೋಟಾರ್ಸ್) ಪೇಟ್ಕರ್ ಅವರಿಗೆ ಉದ್ಯೋಗ ದೊರೆಯಿತು. ಸೇನೆಯ ದುರಸ್ತಿ ದಳದಲ್ಲಿ ಸೇವೆ ಆರಂಭಿಸಿದ್ದ ಯೋಧ ವಾಹನ ತಯಾರಿಸುವ ಕಾರ್ಖಾನೆಯ ನೌಕರನಾದನು. ಇತರ ನೌಕರರಂತೆಯೇ ದಶಕಗಳ ಕಾಲ ದುಡಿದು ಸಂಸಾರ ಸಾಗಿಸಿದನು. ಈ ಅವಧಿಯಲ್ಲಿ ದೇಶ ಅವರನ್ನು ಬಹುಮಟ್ಟಿಗೆ ಮರೆತಿತ್ತು. 1980ರ ದಶಕದಲ್ಲಿ ಅರ್ಜುನ ಪ್ರಶಸ್ತಿಗಾಗಿ ಸಲ್ಲಿಸಿದ ಮನವಿಗೂ ಮನ್ನಣೆ ದೊರೆಯಲಿಲ್ಲ.

ಪದ್ಮಶ್ರೀ ಬಂದುದು 2018ರಲ್ಲಿ, ಚಿನ್ನ ಗೆದ್ದ 46 ವರ್ಷಗಳ ನಂತರ. ಅವರ ಜೀವನವನ್ನಾಧರಿಸಿದ 'ಚಂದು ಚಾಂಪಿಯನ್' ಹಿಂದಿ ಚಲನಚಿತ್ರ 2024ರಲ್ಲಿ ತೆರೆಕಂಡಿತು. 2025ರ ಜನವರಿಯಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅವರಿಗೆ ಜೀವಮಾನ ಸಾಧನೆಯ ಅರ್ಜುನ ಪ್ರಶಸ್ತಿ ಪ್ರದಾನವಾಯಿತು.

ನಮಗೊಂದು ಮಾತು

ಪೇಟ್ಕರ್ ಅವರ ನಂತರ ಈ ದಾರಿಯಲ್ಲಿ ಕನ್ನಡಿಗರೂ ನಡೆದಿದ್ದಾರೆ. ಬೆಂಗಳೂರಿನ ಮಾಲತಿ ಹೊಳ್ಳ ಅವರಿಗೆ 2001ರಲ್ಲಿ ಪದ್ಮಶ್ರೀ ಸಂದಿತು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಆದರೆ ಪೇಟ್ಕರ್ ಅವರ ಬದುಕು ಪದಕಗಳಾಚೆಯ ಮಾತೊಂದನ್ನು ಹೇಳುತ್ತದೆ. ಗೌರವ ಬರುವವರೆಗಿನ 46 ವರ್ಷ ಅವರ ಮನೆಯನ್ನು ನಡೆಸಿದ್ದು ಸನ್ಮಾನವಲ್ಲ, ದುಡಿಮೆ. ನಮ್ಮಲ್ಲಿ ಕಾರ್ಖಾನೆ, ಕಛೇರಿ, ಅಂಗಡಿಗಳನ್ನು ನಡೆಸುವವರು ಅನೇಕರಿದ್ದಾರೆ. ವಾನವಡಿ, ಖಡಕಿಗಳಿಂದ ಕಸುಬು ಕಲಿತು ಹೊರಬರುವ ಯೋಧನಿಗೆ ಹಾರ ಹಾಕುವುದರ ಜೊತೆಗೆ ಒಂದು ಕೆಲಸವನ್ನೂ ಕೊಡುವುದು ಅವರ ಕೈಯಲ್ಲಿದೆ.