ಪ್ಲೂಟೊದ ತೆರಿಗೆ ಬಾಕಿ

ತಂದೆ ತೀರಿಕೊಂಡಿದ್ದಾನೆ. ಸಾವಿಗೂ ತೆರಿಗೆ ಇರುವ ಊರದು. ಮಗ ಕಾರ್ಡೊ ಕಷ್ಟಪಟ್ಟು ಕೂಡಿಟ್ಟ ಹಣ ತಂದು ಅಧಿಕಾರಿಯ ಮುಂದೆ ನಿಲ್ಲುತ್ತಾನೆ. ದರ ಏರಿದೆ, ಇದು ಸಾಲದು ಎನ್ನುತ್ತಾನೆ ಅಧಿಕಾರಿ. ಈಗಾಗಲೇ ಎರಡು ಪಾಳಿ ದುಡಿಯುತ್ತಿರುವವನಿಗೆ ಸಿಗುವ ಪರಿಹಾರವೆಂದರೆ, ನಿದ್ದೆಯ ಹೊತ್ತಿನಲ್ಲೂ ದುಡಿ ಎಂಬ ಸಲಹೆ. ಕಾರ್ಡೊ ಹಾರಿ ಸಾಯಲೆಂದು ಕಟ್ಟಡದ ತಾರಸಿ ಹತ್ತುತ್ತಾನೆ. ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯ ‘ದಿ ಸನ್ ಮೇಕರ್ಸ್’ ಶುರುವಾಗುವುದು ಹೀಗೆ. 1977ರ ನವೆಂಬರ್ 26ರಿಂದ ನಾಲ್ಕು ವಾರ ಪ್ರಸಾರವಾದ ಈ ಕಥೆ, ತೆರಿಗೆ ಮತ್ತು ಕಚೇರಿಶಾಹಿಯನ್ನು ವಿಡಂಬಿಸಿದ ಟಿವಿ ವಿಜ್ಞಾನ ಕಥೆಗಳಲ್ಲಿ ಇಂದಿಗೂ ಮೊದಲ ಸಾಲಿನದು.

ಅದಕ್ಕೂ ಮುನ್ನ ಈ ಬಗೆಯ ಕಥೆಗಳಲ್ಲಿ ನಗುವಿಗಿಂತ ಭಯವೇ ಹೆಚ್ಚಿತ್ತು. ನೈಜೆಲ್ ನೀಲ್ 1954ರಲ್ಲಿ ಬಿಬಿಸಿಗೆ ಆರ್ವೆಲ್‌ನ ‘1984’ ಕಾದಂಬರಿಯನ್ನು ರೂಪಾಂತರಿಸಿಕೊಟ್ಟಾಗ ನೋಡುಗರು ಬೆಚ್ಚಿಬಿದ್ದರು. ಅಮೆರಿಕದ ‘ಟ್ವೈಲೈಟ್ ಝೋನ್’ 1961ರ ಒಂದು ಕಂತಿನಲ್ಲಿ ಗ್ರಂಥಪಾಲಕನೊಬ್ಬನನ್ನು ಸರ್ಕಾರವೇ ನಿರುಪಯುಕ್ತ ಎಂದು ಘೋಷಿಸಿ ಮರಣದಂಡನೆ ವಿಧಿಸುತ್ತದೆ. ಕಚೇರಿಯ ಸಣ್ಣತನವನ್ನು ಹಗುರವಾಗಿ ಚುಚ್ಚಿದವರು ‘ಡಾಕ್ಟರ್ ಹೂ’ಗೆ ಬರೆಯುತ್ತಿದ್ದ ರಾಬರ್ಟ್ ಹೋಮ್ಸ್. 1973ರ ‘ಕಾರ್ನಿವಲ್ ಆಫ್ ಮಾನ್‌ಸ್ಟರ್ಸ್’ ಕಥೆಯಲ್ಲಿ ಬೂದು ಮೋರೆಯ ಅಧಿಕಾರಿಗಳು, ಆಟ ತೋರಿಸಿ ಹೊಟ್ಟೆ ಹೊರೆಯಲು ಬಂದ ಪರಗ್ರಹದ ಜೋಡಿಯನ್ನು ಒಳಗೆ ಬಿಡಬೇಕೇ ಬೇಡವೇ ಎಂದು ಜಗ್ಗಾಡುತ್ತ ಕೂರುತ್ತಾರೆ.

‘ಸನ್ ಮೇಕರ್ಸ್’ ಬರೆದವರೂ ಇದೇ ಹೋಮ್ಸ್. ತೆರಿಗೆ ಇಲಾಖೆಯೊಡನೆ ಅವರಿಗಿದ್ದ ತಕರಾರೇ ಕಥೆಗೆ ಬೀಜ. ಕಾಲವೂ ಹಾಗೇ ಇತ್ತು. 1976ರಲ್ಲಿ ಬ್ರಿಟನ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕಾಗಿ ಕೈಯೊಡ್ಡಿತ್ತು. ದುಡಿಮೆಯ ಆದಾಯದ ಮೇಲಿನ ಗರಿಷ್ಠ ದರ ಶೇ 83, ಬಡ್ಡಿ ಮತ್ತು ಲಾಭಾಂಶದ ಮೇಲೆ ಶೇ 98. (ನಮ್ಮಲ್ಲೂ 1973-74ರಲ್ಲಿ ಸರ್‌ಚಾರ್ಜ್ ಸೇರಿ ಗರಿಷ್ಠ ದರ ಶೇ 97.75 ಮುಟ್ಟಿತ್ತು, ಆ ತಲೆಮಾರಿನ ವೃತ್ತಿನಿರತರಿಗೆ ಈ ಅಂಕಿ ಇನ್ನೂ ಮರೆತಿರಲಾರದು.) ಕಥೆಯಲ್ಲಿ ಪ್ಲೂಟೊವನ್ನು ಆಳುವ ಕಲೆಕ್ಟರ್‌ನ ಪೊದೆ ಹುಬ್ಬು ಆಗಿನ ಹಣಕಾಸು ಸಚಿವ ಡೆನಿಸ್ ಹೀಲಿಯವರನ್ನು ನೆನಪಿಸುತ್ತದೆ. ಒಂದು ಓಣಿಯ ಹೆಸರು ಪಿ45. ಬ್ರಿಟನ್ನಿನಲ್ಲಿ ಕೆಲಸ ಬಿಟ್ಟವರ ಕೈಗೆ ಬರುವ ತೆರಿಗೆ ಪತ್ರದ ಹೆಸರೂ ಅದೇ.

ಇದನ್ನು ತೆರಿಗೆ ವಿರೋಧಿ ಕಥೆಯೆಂದು ಓದುವವರು ಬಹಳ. ನನ್ನ ಮಟ್ಟಿಗೆ ಅದು ಅರ್ಧ ಓದು. ಪ್ಲೂಟೊದಲ್ಲಿ ಸರ್ಕಾರವೇ ಇಲ್ಲ, ಇರುವುದು ಕಂಪನಿ. ಭೂಮಿಯನ್ನು, ಆಮೇಲೆ ಮಂಗಳವನ್ನು ಬರಿದು ಮಾಡಿ, ಪ್ಲೂಟೊದ ಸುತ್ತ ಆರು ಕೃತಕ ಸೂರ್ಯರನ್ನು ಉರಿಸಿ ಅದು ಜನರನ್ನು ಅಲ್ಲಿಗೆ ಸಾಗಿಸಿದೆ. ಜನ ದಂಗೆಯೇಳದಂತೆ ಗಾಳಿಯಲ್ಲಿ ಆತಂಕ ಹುಟ್ಟಿಸುವ ಅನಿಲ ಬೆರೆಸಿದೆ. ಕಟ್ಟಿದ ತೆರಿಗೆ ಶಾಲೆಯಾಗಿಯೋ ಆಸ್ಪತ್ರೆಯಾಗಿಯೋ ಜನರಿಗೆ ಮರಳುವುದಿಲ್ಲ, ನೇರ ಲಾಭದ ಖಾತೆಗೆ ಹೋಗುತ್ತದೆ. ವಸೂಲಿ ಯಾರಿಗಾಗಿ ಎಂಬುದೇ ಹೋಮ್ಸ್ ಎತ್ತಿದ ನಿಜವಾದ ಪ್ರಶ್ನೆ. ಕೊನೆಯಲ್ಲಿ ಸರಣಿಯ ನಾಯಕ ಡಾಕ್ಟರ್ ಕಂಪನಿಯ ಕಂಪ್ಯೂಟರಿಗೆ ಬೆಳವಣಿಗೆ ತೆರಿಗೆಯೊಂದನ್ನು ತೂರಿಸುತ್ತಾನೆ. ಲೆಕ್ಕಾಚಾರ ಕುಸಿಯುತ್ತದೆ. ಕಲೆಕ್ಟರ್ ತನ್ನ ಅಸಲಿ ರೂಪಕ್ಕೆ ಕುಗ್ಗಿ ಕುರ್ಚಿಯೊಳಗೇ ಇಳಿದುಹೋಗುತ್ತಾನೆ. ಇತ್ತ ತಾರಸಿಯಲ್ಲಿ ಜನ ವಸೂಲಿ ಅಧಿಕಾರಿಯನ್ನು ಎತ್ತಿ ಕೆಳಗೆಸೆಯುತ್ತಾರೆ. ಆ ತಾರಸಿ ಬ್ರಿಸ್ಟಲ್‌ನ ವಿಲ್ಸ್ ತಂಬಾಕು ಕಾರ್ಖಾನೆಯದು. ಸಂಜೆ ಮಕ್ಕಳೊಡನೆ ಕೂತು ನೋಡುವ ಕಾರ್ಯಕ್ರಮದಲ್ಲಿ ಇಷ್ಟು ಕಟುವಾದ ಸಿಟ್ಟು ಬಂದದ್ದು ಈಗಲೂ ಬೆರಗು ಹುಟ್ಟಿಸುತ್ತದೆ.

1977ರಲ್ಲೇ ಬಿಬಿಸಿ ಎರಡರಲ್ಲಿ ಬಂದ ‘1990’ ಸರಣಿ ದಿವಾಳಿಯೆದ್ದ ಬ್ರಿಟನ್ನನ್ನು ತೋರಿಸಿತು. ಅಲ್ಲಿ ದೇಶ ಬಿಟ್ಟು ಹೊರಡಲೂ ಅಧಿಕಾರಿಗಳ ಅಪ್ಪಣೆ ಬೇಕು. ಅದು ಸರ್ಕಾರವೊಂದನ್ನೇ ಗುರಿಯಿಟ್ಟಿತು, ಹಾಗಾಗಿ ಹೋಮ್ಸ್‌ರಷ್ಟು ದೂರ ಹೋಗಲಿಲ್ಲ.

ಡಗ್ಲಸ್ ಆಡಮ್ಸ್ ದಾರಿ ಬೇರೆ. 1981ರಲ್ಲಿ ಟಿವಿಗೆ ಬಂದ ‘ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ಯಲ್ಲಿ ಆರ್ಥರ್‌ನ ಮನೆ ಕೆಡವಲು ಬುಲ್ಡೋಜರ್ ಬರುತ್ತದೆ, ನಕ್ಷೆ ನೋಡಬೇಕಿದ್ದರೆ ಕತ್ತಲ ನೆಲಮಾಳಿಗೆಗೆ ಇಳಿಯಬೇಕಿತ್ತು. ಅದರ ಬೆನ್ನಿಗೇ ಪರಗ್ರಹದ ವೋಗನ್ನರು ಭೂಮಿಯನ್ನೇ ಕೆಡವಲು ಬರುತ್ತಾರೆ. ಪ್ರಕಟಣೆ ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ ಐವತ್ತು ವರ್ಷದಿಂದ ಇತ್ತಲ್ಲ, ಆಗಲೇ ಆಕ್ಷೇಪಣೆ ಸಲ್ಲಿಸಬೇಕಿತ್ತು ಎಂಬುದು ಅವರ ವಾದ. ನಿಯಮದ ಪ್ರಕಾರ ಎಲ್ಲವೂ ಸರಿ. ರಸ್ತೆ ಅಗಲೀಕರಣದಲ್ಲಿ ಮನೆ ಕಳೆದುಕೊಂಡ ಯಾರಿಗೂ ಈ ಪ್ರಸಂಗಕ್ಕೆ ಟಿಪ್ಪಣಿ ಬೇಕಿಲ್ಲ. 1988ರ ‘ರೆಡ್ ಡ್ವಾರ್ಫ್’ ಕಂತೊಂದರಲ್ಲಿ ಮೂವತ್ತು ಲಕ್ಷ ವರ್ಷ ಕಳೆದಿದೆ, ನೌಕೆಯ ಸಿಬ್ಬಂದಿ ರಿಮ್ಮರ್ ಸತ್ತು ಬರೀ ಹೊಲೊಗ್ರಾಂ ಆಗಿದ್ದಾನೆ. ಆದರೂ ತೆರಿಗೆ ಬಾಕಿಯ ಪತ್ರ ಅವನನ್ನು ಹುಡುಕಿಕೊಂಡು ಬರುತ್ತದೆ.

ಅಮೆರಿಕದ ಸರಣಿಗಳಲ್ಲಿ ನನಗೆ ಮುಖ್ಯವೆನಿಸುವುದು ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’. ಲಾಭವೇ ಧರ್ಮವೆಂದು ಬದುಕುವ ಫೆರೆಂಗಿಗಳ ಗ್ರಹಕ್ಕೆ 1999ರ ‘ದಿ ಡಾಗ್ಸ್ ಆಫ್ ವಾರ್’ ಕಂತಿನಲ್ಲಿ ಆದಾಯ ತೆರಿಗೆ ಬರುತ್ತದೆ. ಜೊತೆಗೆ ವೃದ್ಧರಿಗೆ ಪಿಂಚಣಿ, ಎಲ್ಲರಿಗೂ ವೈದ್ಯಕೀಯ ನೆರವು. ಬಾರ್ ಮಾಲೀಕ ಕ್ವಾರ್ಕ್ ಕೆಂಡವಾಗುತ್ತಾನೆ. ನಗು ಇಲ್ಲಿ ತೆರಿಗೆಯ ಮೇಲೆ ಸಿಟ್ಟಾದವನ ಮೇಲೆಯೇ ತಿರುಗುತ್ತದೆ. ‘ಫ್ಯೂಚರಾಮ’ ಇನ್ನೊಂದು ಮಗ್ಗುಲು ತೋರಿಸಿತು. 2000ದ ಕಂತಿನಲ್ಲಿ ಹರ್ಮೀಸ್ ಎಂಬ ಗುಮಾಸ್ತ ಕೇಂದ್ರ ಕಚೇರಿಯಲ್ಲಿ ಬೆಟ್ಟದಂತೆ ಬಿದ್ದ ಕಾಗದಗಳನ್ನು ಹಾಡುತ್ತ ವಿಂಗಡಿಸುತ್ತಾನೆ. ಕಡತವನ್ನು ಪ್ರೀತಿಸುವ ಮನುಷ್ಯನೂ ಇದ್ದಾನೆಂದು ಅಷ್ಟು ಅಕ್ಕರೆಯಿಂದ ತೋರಿಸಿದ ಸರಣಿ ಇನ್ನೊಂದನ್ನು ನಾನು ಕಂಡಿಲ್ಲ. 2003ರ ಇನ್ನೊಂದು ಕಂತಿನಲ್ಲಿ ಪ್ರತಿ ಪ್ರಜೆಗೆ 300 ಡಾಲರ್ ತೆರಿಗೆ ವಾಪಸು ಸಿಗುತ್ತದೆ. ಅದು 2001ರಲ್ಲಿ ಅಮೆರಿಕನ್ನರಿಗೆ ನಿಜವಾಗಿ ಹಂಚಿದ ಮೊತ್ತ. ಕಥೆಯಲ್ಲಿ ಹಣ ಬಂದದ್ದು ಬೇರೊಂದು ಗ್ರಹದ ಮೇಲಿನ ಯುದ್ಧದ ಲೂಟಿಯಿಂದ.

ಹೋಮ್ಸ್ ಎತ್ತಿದ ಪ್ರಶ್ನೆಗೆ ‘ಡಾಕ್ಟರ್ ಹೂ’ ಮರಳಿದ್ದು 2017ರ ‘ಆಕ್ಸಿಜನ್’ ಕಂತಿನಲ್ಲಿ. ಬಾಹ್ಯಾಕಾಶದ ಗಣಿಯೊಂದರಲ್ಲಿ ಕಂಪನಿ ಉಸಿರನ್ನು ಅಳೆದು ಮಾರುತ್ತದೆ. ಗಣಿ ಲಾಭ ತರದಾದಾಗ ಕಾರ್ಮಿಕರ ಉಡುಪುಗಳೇ ಅವರನ್ನು ಕೊಲ್ಲತೊಡಗುತ್ತವೆ. ಸತ್ತರೆ ಇನ್ನಷ್ಟು ನಷ್ಟ ಎಂಬಂತೆ ಡಾಕ್ಟರ್ ಲೆಕ್ಕವನ್ನು ತಿರುಗಿಸುತ್ತಾನೆ, ಉಡುಪುಗಳು ತಟ್ಟನೆ ನಿಲ್ಲುತ್ತವೆ. ಬದುಕುಳಿದವರು ಅವನಲ್ಲಿ ಕೇಳುವುದು ಒಂದೇ: ನಮ್ಮನ್ನು ಕಂಪನಿಯ ಮುಖ್ಯ ಕಚೇರಿಗೆ ಬಿಡಿ, ದೂರು ಕೊಡಬೇಕಿದೆ.